ಅತ್ತಿಮರದ ಸುತ್ತ ಒಂದು ಬೇಟೆ

ಹದಿನಾಲ್ಕು ಕೈಕೋಲುಗಳು ನನ್ನನ್ನು ಸುತ್ತುವರಿದಿದ್ದವು.

ಹಿಂದೆ ಗೋಡೆ. ಎಡಕ್ಕೆ ಮಕ್ಕಳ ಜಾರುಬಂಡೆ. ಎದುರಿಗೆ ಜೋಗಳೇಕರ್ ಬಾಯಿ... ವಯಸ್ಸು ಎಪ್ಪತ್ತೆರಡು. ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಈಗ ಉಂಬರಬಾಗ್ ಪಾರ್ಕಿನ ನಗೆಕೂಟದ ಅಧ್ಯಕ್ಷೆ. ಅವರ ಕೋಲಿನ ತುದಿ ನನ್ನ ಮೂಗಿನಿಂದ ನಾಲ್ಕೇ ಬೆರಳು ದೂರ.

"ಗಂಟು ಎಲ್ಲದ, ಶೆವಂತಾ?"

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಆಮೇಲೆ ನೀವು ತಪ್ಪು ತಿಳಿಯಬಾರದು. ಶೆವಂತಾ ಮೋಹಿತೆ, ಪಾಲಿಕೆಯ ಉದ್ಯಾನ ವಿಭಾಗದ ಕಾವಲು ಮೇಲ್ವಿಚಾರಕಿ. ಹತ್ತೊಂಬತ್ತು ವರ್ಷದ ನೌಕರಿ. ಅದಕ್ಕೂ ಮುಂಚೆ ರಾಜ್ಯ ತಂಡದಲ್ಲಿ ಕಬಡ್ಡಿ. ನನ್ನ ಕೈಗೆ ಸಿಕ್ಕ ಕಣಕಾಲನ್ನು ಬಿಡಿಸಿಕೊಂಡು ಹೋದವರು ಇಡೀ ಮಹಾರಾಷ್ಟ್ರದಲ್ಲಿ ಇಬ್ಬರೇ. ನಲ್ಲಿ ಕಳ್ಳರು, ಉಯ್ಯಾಲೆಯ ಸರಪಳಿ ಕಳ್ಳರು, ಗಂಧದ ಗಿಡಕ್ಕೆ ಗರಗಸ ತಂದವರು... ಎಲ್ಲರನ್ನೂ ನೋಡಿದ್ದೇನೆ. ಯಾರಿಗೂ ಹೆದರಿದವಳಲ್ಲ.

ಆ ಗುರುವಾರ ಬೆಳಿಗ್ಗೆ ಮಾತ್ರ ಹೆದರಿದ್ದೆ.

ಗಂಟು ಅಂದರೆ ನಾನೂರ ಹನ್ನೆರಡು ತಕರಾರು ಅರ್ಜಿಗಳು. ಊರು ಬೆಳೆಯುತ್ತಿದೆ ನೋಡಿ. ಕೃಷ್ಣಾ ದಂಡೆಯಿಂದ ಹೆದ್ದಾರಿಯವರೆಗೂ ಮನೆಗಳೇ ಮನೆಗಳು. ಪಾಲಿಕೆಯವರು ಹೊಸ ನಗರ ಯೋಜನೆಯ ಕರಡು ಹೊರಡಿಸಿದರು. ಅದರಲ್ಲಿ ಉಂಬರಬಾಗಿನ ಜಾಗಕ್ಕೆ ನಾಲ್ಕಂತಸ್ತಿನ ಪಾರ್ಕಿಂಗ್ ಕಟ್ಟಡ! ತಕರಾರು ಇದ್ದವರು ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ಯಾರಿಗೂ ಬೇಡದ ಪಾರ್ಕು ಅಂತ ಲೆಕ್ಕ.

ನಗೆಕೂಟದವರು ಮನೆಮನೆ ತಿರುಗಿ, ಮೊಣಕಾಲು ನೋವು ನುಂಗಿಕೊಂಡು, ಸಹಿ ಮಾಡಿಸಿದ್ದರು. ಪಾರ್ಕಿನ ಹಿಂಭಾಗದ ಕೆಂಪು ಮಣ್ಣಿನ ಅಂಕಣದಲ್ಲಿ ನನ್ನ ಇಪ್ಪತ್ತೆರಡು ಹುಡುಗಿಯರು ಕಬಡ್ಡಿ ಆಡುತ್ತಾರೆ. ಹನ್ನೊಂದನೆಯ ವಯಸ್ಸಿಗೆ ನಾನು ಮೊದಲ ಸಲ ಮೊಣಕಾಲು ತರಚಿಕೊಂಡದ್ದೂ ಅದೇ ಅಂಕಣದಲ್ಲಿ. ಅಲ್ಲಿ ಕಾರು ನಿಲ್ಲುತ್ತದೆ ಅಂದರೆ ನನ್ನ ಎದೆಯ ಮೇಲೇ ನಿಂತ ಹಾಗೆ.

ಗಂಟನ್ನು ಮಾಲಿಯ ಕೋಣೆಯ ಕಪಾಟಿನಲ್ಲಿ ಇಟ್ಟದ್ದು ನಾನು. ಬೀಗ ಹಾಕಿದ್ದೂ ನಾನು.

ಈಗ ಗಂಟೆ ಒಂಬತ್ತೂವರೆ. ಗಂಟು ಇಲ್ಲ.

"ಹನ್ನೆರಡರೊಳಗ ತರ್ತೇನ್ರಿ ಬಾಯಿ," ಅಂದೆ.

"ತರಲಿಲ್ಲಂದ್ರ?"

"ನಿಮ್ಮ ಮುಂದ ಬೆಂಚಿನ ಮ್ಯಾಲ ನಿಲ್ತೇನಿ. ಕಿವಿ ಹಿಡಕೊಂಡು."

ಬಾಯಿ ಸ್ವಲ್ಪ ಯೋಚಿಸಿ, ಅದು ಸರಿಯಾದ ಶಿಕ್ಷೆ ಎಂದು ಒಪ್ಪಿ ಕೋಲು ಇಳಿಸಿದರು. ಅವರ ಕಾಲ ಕೆಳಗೆ ಒಂದು ಹಳದಿ ಬಾಣ ಇತ್ತು. ಆ ಬಾಣದ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ತಿಂಗಳ ಹಿಂದೆ ಪುಣೆಯಿಂದ ಬಂದ ಹೊಸ ಎಂಜಿನಿಯರ್ ಸಾಹೇಬರು ನಡಿಗೆಯ ದಾರಿಯ ಉದ್ದಕ್ಕೂ ಬಾಣ ಬರೆಸಿದರು. ಓಟದ ಮೈದಾನದಲ್ಲಿ ಓಡುತ್ತಾರಲ್ಲ, ಹಾಗೆ ಎಲ್ಲ ಬಾಣವೂ ಎಡಸುತ್ತು. ಸಾಹೇಬರಿಗೆ ಒಂದು ಗೊತ್ತಿರಲಿಲ್ಲ. ಆ ದಾರಿ ಸುತ್ತುವುದು ಒಂದು ಅತ್ತಿಮರವನ್ನು. ಮರದ ಬುಡದಲ್ಲಿ ದತ್ತಗುರುಗಳ ಪಾದುಕೆ. ದೇವರನ್ನು ಎಡಕ್ಕೆ ಹಾಕಿಕೊಂಡು ಸುತ್ತುವವರು ನಮ್ಮ ಊರಲ್ಲಿ ಇನ್ನೂ ಹುಟ್ಟಿಲ್ಲ. ಇಡೀ ಊರು ಬಾಣಕ್ಕೆ ಎದುರಾಗಿ ನಡೆಯಿತು. ನಡೆಯುವವರು ನಿಯಮ ಪಾಲಿಸುತ್ತಿಲ್ಲ, ಕ್ರಮ ಕೈಗೊಳ್ಳಿ ಅಂತ ನನಗೆ ನೋಟೀಸು ಬಂತು. ಯಾರ ಮೇಲೆ ಕ್ರಮ? ದತ್ತಗುರುಗಳ ಮೇಲಾ?

ಇರಲಿ. ಕೋಣೆಗೆ ಹೋದೆ.

ಬೀಗ ಮುರಿದಿರಲಿಲ್ಲ. ಬೀಗದ ಕೈ ದಾಸವಾಳದ ಕುಂಡದ ಕೆಳಗೆ, ಇದ್ದಲ್ಲೇ ಇತ್ತು. ಆ ಜಾಗ ಗೊತ್ತಿದ್ದದ್ದು ನನಗೆ, ಮಾಲಿಗೆ, ನಗೆಕೂಟದವರಿಗೆ. ಮಾಲಿ ನಾಲ್ಕು ದಿನದಿಂದ ಮಗಳ ಬಾಣಂತನಕ್ಕೆ ಮೀರಜಿಗೆ ಹೋಗಿದ್ದ. ಗಂಟಿಗೆ ಹೊದಿಸಿದ್ದ ಹಳೇ ಪೇಪರು ಕಪಾಟಿನಲ್ಲಿ ಬಿದ್ದಿತ್ತು... ಅಲ್ಲ, ಬಿದ್ದಿರಲಿಲ್ಲ. ಮಡಚಿ ಇಟ್ಟಿತ್ತು. ಮೂಲೆಗೆ ಮೂಲೆ ಸೇರಿಸಿ, ನಾಲ್ಕು ಮಡಿಕೆ. ಅದರ ಮೇಲೆ ಗಂಟು ಕಟ್ಟಿದ್ದ ಹುರಿ, ಸುತ್ತಿ ಸುತ್ತಿ ಪುಟ್ಟ ಉಂಡೆ ಮಾಡಿ.

ಯಾವ ಕಳ್ಳನಪ್ಪಾ ಇವನು?

ಆದರೆ ನನ್ನ ತಲೆಯಲ್ಲಿ ಒಂದೇ ಹೆಸರು ಕುಣಿಯುತ್ತಿತ್ತು. ಸರ್ಜೇರಾವ್ ಪಾಂಢರೆ. ಪಾರ್ಕಿಂಗ್ ಕಟ್ಟಡದ ಗುತ್ತಿಗೆ ಹಿಡಿಯಲು ಹವಣಿಸುತ್ತಿದ್ದ ಮನುಷ್ಯ. ಸ್ಕೂಟರಿನ ಕಿಕ್ ಒದ್ದೆ. ಬಸ್ ಸ್ಟ್ಯಾಂಡಿನ ಮಿಸಳ್ ಅಂಗಡಿಯಲ್ಲಿ ಅವನು ಬೆಳಗಿನ ದರ್ಬಾರು ನಡೆಸುತ್ತಾನೆ. ಅಕ್ಕಪಕ್ಕ ಇಬ್ಬರು ದಾಂಡಿಗರು. ನಾನು ಎದುರಿನ ಕುರ್ಚಿ ಎಳೆದು ಕೂತೆ.

"ಅರ್ಜಿ ಗಂಟು ಕೊಡು."

"ಮಿಸಳ್ ತಿನ್ನಕ್ಕಾ. ಖಾರ ಚಲೋ ಅದ."

"ಪಾಂಢರೆ... ನನ್ನ ಹಿಡಿತ ನೀ ನೋಡೀದಿ."

ನೋಡಿದ್ದ. ನಾವಿಬ್ಬರೂ ಒಂದೇ ಶಾಲೆ. ಅವನ ಬಲಗಾಲು ತಾನೇ ತಾನಾಗಿ ಕುರ್ಚಿಯ ಕೆಳಗೆ ಸರಿಯಿತು. ದಾಂಡಿಗರಲ್ಲೊಬ್ಬ ಎದ್ದ. ಪಾಂಢರೆ ಕೈ ಮಾಡಿ ಕೂರಿಸಿದ.

"ಅಕ್ಕಾ, ನಾ ಕದಿಯೋನಾದ್ರ ಪಾರ್ಕ ಕದೀತೇನಿ," ಅಂದ ಪಾವ್ ಮುರಿಯುತ್ತ. "ಕಾಗದ ಯಾಕ ಕದೀಲಿ?"

ನಿಜ ಹೇಳುತ್ತಿದ್ದ. ಅರ್ಜಿ ಕಳೆದಿದೆ ಎಂಬ ಸುದ್ದಿ ಕೇಳಿ ಅವನ ಮುಖದಲ್ಲಿ ದೀಪಾವಳಿ ಆಗಿತ್ತು. ಮೊದಲೇ ಗೊತ್ತಿದ್ದವನ ಮುಖ ಹಾಗಿರುವುದಿಲ್ಲ. ಸಾಲದ್ದಕ್ಕೆ ನಾನೇ ಹೋಗಿ ಶತ್ರುವಿಗೆ ಸುದ್ದಿ ಮುಟ್ಟಿಸಿದ್ದೆ. ಏನು ಬುದ್ಧಿ ನನ್ನದು!

ಎದ್ದು ನಿಂತು, ಸಿಟ್ಟಿನಲ್ಲಿ ಮೇಜಿನ ಮೇಲಿದ್ದ ಪಾವಿನ ಕಾಗದವನ್ನು ಮುದ್ದೆ ಮಾಡಿ ಎಸೆದೆ.

ಎಸೆದವಳು ಅಲ್ಲೇ ನಿಂತೆ.

ಕಾಗದ ಅಂದರೆ ಎಲ್ಲರೂ ಮುದ್ದೆ ಮಾಡುತ್ತಾರೆ. ಒಬ್ಬರನ್ನು ಬಿಟ್ಟು. ಶೇಂಗಾ ತಿಂದ ಪೊಟ್ಟಣವನ್ನೂ ಮೂಲೆಗೆ ಮೂಲೆ ಸೇರಿಸಿ ಮಡಚಿ ಜೇಬಿಗೆ ಇಟ್ಟುಕೊಳ್ಳುವವರು ನಮ್ಮ ಪಾರ್ಕಿನಲ್ಲಿ ಒಬ್ಬರಿದ್ದಾರೆ. ಆಮೇಲೆ ಕೋಲುಗಳು ನೆನಪಾದವು. ಬೆಳಿಗ್ಗೆ ನನ್ನ ಸುತ್ತ ಹದಿನಾಲ್ಕು ಕೋಲು. ನಗೆಕೂಟದಲ್ಲಿ ಇರುವವರು ಹದಿನೈದು ಜನ...

ಟಿಕೇಕರ್ ಕಾಕಾ!

ದಿನಕರ ಟಿಕೇಕರ್, ಎಪ್ಪತ್ತಾರು ವರ್ಷ. ನಗರ ಯೋಜನೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಇರುವೆ ಕಂಡರೆ ದಾರಿ ಬಿಡುವ ಮನುಷ್ಯ. ನನಗೆ ನಂಬಲು ಆಗಲಿಲ್ಲ. ಸಂಕಟವೂ ಆಯಿತು, ಯಾಕೆಂದರೆ ನನ್ನ ಹುಡುಗಿಯರ ಅಂಕಣಕ್ಕೆ ಪ್ರತಿ ಭಾನುವಾರ ಸುಣ್ಣದ ಗೆರೆ ಎಳೆದುಕೊಡುವವರು ಅವರೇ.

ಮನೆಗೆ ಹೋಗಲಿಲ್ಲ. ಗುರುವಾರ ದತ್ತಗುರುಗಳ ದಿನ. ಭೂಕಂಪ ಆದರೂ ಕಾಕಾ ಅತ್ತಿಮರ ಸುತ್ತದೆ ಇರುವವರಲ್ಲ.

ಹನ್ನೊಂದು ಗಂಟೆಗೆ ಪಾರ್ಕಿನ ಒಳಗೆ ಕಾಲಿಟ್ಟೆ. ಕಾಕಾ ಸಿಕ್ಕರು. ಗೇಟಿನಿಂದ ಹತ್ತು ಹೆಜ್ಜೆ ಮುಂದೆ, ನನಗೆ ಬೆನ್ನು ಹಾಕಿ ಪ್ರದಕ್ಷಿಣೆ ನಡೆದಿತ್ತು. ಬಗಲಲ್ಲಿ ಉಬ್ಬಿದ ಬಟ್ಟೆ ಚೀಲ.

"ಕಾಕಾ..."

ತಿರುಗಿದರು. ಮುಖ ಬಿಳಿಚಿತು. ಆಮೇಲೆ ಆ ಮನುಷ್ಯ ಓಡಿದರು ನೋಡಿ! ಹವಾಯಿ ಚಪ್ಪಲಿ ಹಾಕಿಕೊಂಡು, ಧೋತರ ಎತ್ತಿಕೊಂಡು!

ನಾನೂ ಓಡಿದೆ. ಹತ್ತು ಹೆಜ್ಜೆ. ಇಪ್ಪತ್ತು. ಇಪ್ಪತ್ತೊಂದನೆಯದಕ್ಕೆ ಮೊಣಕಾಲು ಚಳಕ್ ಅಂತು. ಹಳೇ ಪೆಟ್ಟು, ನಾಸಿಕದ ಫೈನಲ್‌ನದು. ಕಾಕಾ ದಿನಕ್ಕೆ ಎಂಟು ಸುತ್ತು ನಡೆಯುವವರು. ಉಯ್ಯಾಲೆ ದಾಟಿದರು, ಗುಲಾಬಿ ಮಡಿ ದಾಟಿದರು...

ನಾನು ನಿಂತೆ. ಉಸಿರು ಎಳೆದುಕೊಂಡೆ. ಯೋಚಿಸಿದೆ.

ಪಾರ್ಕಿಗೆ ಇರುವುದು ಒಂದೇ ಗೇಟು, ನನ್ನ ಬೆನ್ನ ಹಿಂದೆ. ಕಾಕಾ ಜಾಣರಾಗಿದ್ದರೆ ಮೊದಲೇ ಹುಲ್ಲಿನ ಮೇಲಿಂದ ನನ್ನನ್ನು ತಪ್ಪಿಸಿ ಹತ್ತು ಹೆಜ್ಜೆ ಹಿಂದಕ್ಕೆ ಓಡಿ ಹೊರಗೆ ಹಾರಬಹುದಿತ್ತು. ಓಡಲಿಲ್ಲ. ಯಾಕೆ? ಹಿಂದಕ್ಕೆ ಓಡಿದರೆ ದೇವರು ಎಡಕ್ಕೆ ಬರುತ್ತಾನೆ. ಅಂದಮೇಲೆ ಎಲ್ಲಿಯವರೆಗೆ ಓಡಿದರೂ ಸುತ್ತು ಮುಗಿಸಿಕೊಂಡೇ ಗೇಟಿಗೆ ಬರಬೇಕು.

ಕುಂಟುತ್ತ ಗೇಟಿನ ಪಕ್ಕದ ಬೆಂಚಿಗೆ ಹೋಗಿ ಕೂತೆ. ಜೇಬಿನಿಂದ ಶೇಂಗಾ ತೆಗೆದೆ. ಏಳನೆಯ ಕಾಳು ಸುಲಿಯುವಾಗ ಕಾಕಾ ಸುತ್ತು ಮುಗಿಸಿ ಬಂದರು. ನನ್ನನ್ನು ನೋಡಿದರು. ಹಿಂದೆ ನೋಡಿದರು. ಹಿಂದೆ ಹೋಗುವ ಹಾಗಿಲ್ಲ. ಮುಂದೆ ನಾನು.

"ಕೂಡ್ರಿ ಕಾಕಾ," ಅಂದೆ. "ಶೇಂಗಾ ತಿನ್ರಿ."

ಕೂತರು. ಬಹಳ ಹೊತ್ತು ಏದುಸಿರು. ಚೀಲ ಬಿಚ್ಚಿ ನೋಡಿದೆ. ನಾನೂರ ಹನ್ನೆರಡೂ ಅರ್ಜಿಗಳಿದ್ದವು. ಆದರೆ ಪ್ರತಿ ಅರ್ಜಿಗೂ ನಾವು ಹಳೇ ನಕ್ಷೆಯ ಪ್ರತಿ ಸೇರಿಸಿದ್ದೆವು, ಎಂಬತ್ತೊಂಬತ್ತರ ಇಸವಿಯಿಂದ ಇಲ್ಲಿ ಪಾರ್ಕೇ ಇದೆ ಅಂತ ತೋರಿಸಲು. ಆ ಪ್ರತಿಗಳನ್ನು ಕಾಕಾ ಬೆಳಗಿನಿಂದ ಒಂದೊಂದೇ ಬಿಚ್ಚುತ್ತಿದ್ದರು. ಬಿಚ್ಚಿದ ಪಿನ್ನುಗಳು ಬೆಂಕಿಪೊಟ್ಟಣದಲ್ಲಿ. ಬಿಚ್ಚಿದ ನಕ್ಷೆಗಳು ಮೂಲೆಗೆ ಮೂಲೆ ಸೇರಿಸಿ, ನಾಲ್ಕು ಮಡಿಕೆ. ಅದಕ್ಕೇ ಹನ್ನೊಂದಾದರೂ ಅರ್ಧ ಕೂಡ ಮುಗಿದಿರಲಿಲ್ಲ.

ಹನ್ನೆರಡರೊಳಗೆ ತಾವೇ ಹೋಗಿ ಅರ್ಜಿ ಕೊಡುವವರಿದ್ದರಂತೆ. ನಕ್ಷೆ ಮಾತ್ರ ಇಲ್ಲದೆ. ಯಾಕೆ ಅಂದೆ. ಆಗ ಹೇಳಿದರು, ಕಣ್ಣು ಪಾದುಕೆಯ ಕಡೆ ಇಟ್ಟುಕೊಂಡು.

ಆ ನಕ್ಷೆಗೆ ಬಣ್ಣ ಹಾಕಿದವರು ಅವರೇ. ಮನೆಗಳಿಗೆ ಹಳದಿ, ಅಂಗಡಿಗೆ ನೀಲಿ, ಪಾರ್ಕಿಗೆ ಹಸಿರು, ಟ್ರಕ್ ನಿಲ್ದಾಣಕ್ಕೆ ಬೂದು. ಪಾಲಿಕೆಯವರು ಒಪ್ಪಿ ಬರೆದ ಠರಾವಿನಲ್ಲಿ ಈ ಜಾಗ ಟ್ರಕ್ ನಿಲ್ದಾಣ ಅಂತಲೇ ಇತ್ತು. ಅವತ್ತೂ ಗುರುವಾರ. ಕಾಕಾ ಉಪವಾಸ. ಹೊಟ್ಟೆ ಚುರುಗುಟ್ಟುವ ಹೊತ್ತಿನಲ್ಲಿ ಕುಂಚ ತಪ್ಪು ಬಟ್ಟಲಿಗೆ ಅದ್ದಿತು. ಬೂದು ಬೀಳಬೇಕಾದಲ್ಲಿ ಹಸಿರು ಬಿತ್ತು. ಬ್ಲೇಡಿನಿಂದ ಕೆರೆದು ತೆಗೆಯಬಹುದಿತ್ತು.

"ಮೊದಲನೇ ಗೆರೆ ಕೈತಪ್ಪಿ ಬಿತ್ತವಾ," ಅಂದರು. "ಉಳಿದದ್ದು ಕೈತಪ್ಪಿ ಬೀಳಲಿಲ್ಲ. ಇಲ್ಲಿ ಅತ್ತಿಮರ ಇತ್ತಲ್ಲ... ಪೂರ್ತಿ ಹಸಿರು ಮಾಡಿಬಿಟ್ಟೆ."

ಮೇಲಿನ ಸಾಹೇಬರು ನೋಡದೆ ಸಹಿ ಹಾಕಿದರು. ಆಮೇಲೆ ಬಂದವರೆಲ್ಲ ನಕ್ಷೆ ನೋಡಿದರೇ ಹೊರತು ಠರಾವು ಓದಲಿಲ್ಲ. ಗಿಡ ನೆಟ್ಟರು, ಬೆಂಚು ಹಾಕಿದರು. ನನ್ನಂಥವಳು ಅಂಕಣದಲ್ಲಿ ಬಿದ್ದು ಎದ್ದು ರಾಜ್ಯ ತಂಡ ಸೇರಿದಳು. ಈಗ ಹಳೇ ನಕ್ಷೆ ಮುಂದೆ ಹಿಡಿದರೆ ಹಳೇ ಕಡತ ತೆಗೆಯುತ್ತಾರೆ, ಠರಾವು ಹೊರಬೀಳುತ್ತದೆ, ಪಾರ್ಕೇ ಸುಳ್ಳು ಅನ್ನುತ್ತಾರೆ. ಮೂವತ್ತೈದು ವರ್ಷದಿಂದ ಆ ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ನಮ್ಮ ಜೊತೆ ನಗೆಕೂಟದಲ್ಲಿ ನಕ್ಕಿದ್ದರು.

"ನನ್ನ ಮಾನ ಹೋಗ್ಲಿ ಬಿಡು," ಅಂದರು. "ಮರ ಹೋಗಬಾರದು."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಮಾಡಿದೆ.

"ಕಾಕಾ, ನೀವು ರಿಟೈರ್ ಆಗಿ ಎರಡು ವರ್ಷಕ್ಕ ಯೋಜನೆ ತಿದ್ದುಪಡಿ ಆತು. ಗೊತ್ತದ ಏನು?"

ಗೊತ್ತಿರಲಿಲ್ಲ. ಆ ಪುಸ್ತಕ ನಮ್ಮ ಕಚೇರಿಯಲ್ಲಿ ಚಹಾದ ಒಲೆಯ ಪಕ್ಕದಲ್ಲೇ ಇದೆ. ನಾನು ದಿನಾ ಅದರ ಮೇಲೆ ಚಹಾದ ಕಪ್ಪು-ಬಸಿ ಇಡುತ್ತೇನೆ. ತಿದ್ದಿದವರು ಕಾಕಾ ಹಾಕಿದ ಬಣ್ಣ ನೋಡಿಕೊಂಡೇ ಹೊಸ ಠರಾವು ಬರೆದರು. ಅದರಲ್ಲಿ ಈ ಜಾಗದ ಮುಂದೆ ಸ್ಪಷ್ಟವಾಗಿ 'ಉದ್ಯಾನ' ಅಂತಿದೆ. ಸರ್ಕಾರದ ಮೊಹರು ಕೂಡ ಬಿದ್ದಿದೆ. ಹಳೇ ಠರಾವು ಅವತ್ತೇ ಸತ್ತುಹೋಗಿದೆ.

ಕಾಕಾ ಬಿಚ್ಚಿದ ನಕ್ಷೆಗಳನ್ನೆಲ್ಲ ಮತ್ತೆ ಅರ್ಜಿಗಳ ಜೊತೆ ಸೇರಿಸಿದರು.

ಗಂಟೆ ಹನ್ನೊಂದೂ ಮುಕ್ಕಾಲು.

"ಹತ್ರಿ ಸ್ಕೂಟರು!"

ಹೇಗೆ ಹೋದೆವು ಅಂತ ಕೇಳಬೇಡಿ. ರೈಲ್ವೆ ಗೇಟು ಬೀಳುತ್ತಿತ್ತು, ಅದರ ಕೆಳಗೆ ತಲೆ ಬಗ್ಗಿಸಿ ದಾಟಿದೆವು. ಹಿಂದಿನಿಂದ ಕಾಕಾ ಒಂದೇ ಸಮನೆ ದತ್ತ ದತ್ತ ಅನ್ನುತ್ತಿದ್ದರು. ಪಾಲಿಕೆಯ ಮೆಟ್ಟಿಲು ಹತ್ತುವಾಗ ಫೋನು ಮಾಡಿ ಜೋಗಳೇಕರ್ ಬಾಯಿಯವರಿಗೆ ಗಂಟು ಸಿಕ್ಕಿತು ಅಂದೆ. ನಾವು ಪಾಲಿಕೆಯ ಪಡಸಾಲೆಯಲ್ಲೇ ಕಾಯುತ್ತಿದ್ದೇವೆ ಅಂದರು.

ಅರ್ಜಿ ತೆಗೆದುಕೊಳ್ಳುವ ಕಿಟಕಿ ಒಂದೇ. ಅದರ ಮುಂದೆ ಪಾಂಢರೆಯ ಇಬ್ಬರು ದಾಂಡಿಗರು. ಮಿಸಳ್ ಅಂಗಡಿಯಲ್ಲಿ ನಾನೇ ಕೊಟ್ಟ ಸುದ್ದಿಯ ಫಲ! ಒಬ್ಬ ಕಿಟಕಿಗೆ ಎದೆ ಕೊಟ್ಟು ನಿಂತು ಒಂದು ಅರ್ಜಿ ತುಂಬುತ್ತಿದ್ದ. ಒಂದು ಅಕ್ಷರ ಬರೆಯುವನು, ಪೆನ್ನು ಒದರುವನು, ಕಿಟಕಿಯ ಆಚೆ ನೋಡುವನು. ಇನ್ನೊಬ್ಬ ಕೈಕಟ್ಟಿ ನಿಂತಿದ್ದ. ಸರದಿ ಪ್ರಕಾರ ಬರ್ರಿ ಅಕ್ಕಾ ಅಂದ.

ಐದು ನಿಮಿಷ ಉಳಿದಿತ್ತು. ತಳ್ಳಾಡಿದರೆ ಪೊಲೀಸರು ಬರುತ್ತಾರೆ, ಅಷ್ಟರಲ್ಲಿ ಹನ್ನೆರಡು ಬಾರಿಸಿಬಿಡುತ್ತದೆ. ನಾನು ಬಾಯಿಯವರ ಮುಖ ನೋಡಿದೆ. ಬಾಯಿ ಕೋಲು ಬಗಲಿಗೆ ಸಿಕ್ಕಿಸಿ ಎರಡೂ ಕೈ ಮೇಲೆತ್ತಿದರು.

"ಹೋ... ಹೋ... ಹಾ ಹಾ ಹಾ!"

ಹದಿನಾಲ್ಕು ಜನ ಆ ಇಬ್ಬರ ಸುತ್ತ ವೃತ್ತ ಕಟ್ಟಿ, ಕೈ ಎತ್ತಿ, ಹೊಟ್ಟೆ ಕುಣಿಸಿ ನಕ್ಕರು. ಕಚೇರಿಯವರೆಲ್ಲ ಮೇಜು ಬಿಟ್ಟು ಬಂದರು. ನಗುವುದು ಯಾವ ಕಾಯ್ದೆಯಲ್ಲಿ ತಪ್ಪು, ಹೇಳಿ. ಕೈಕಟ್ಟಿ ನಿಂತವನ ಮೀಸೆ ಮೊದಲು ಅಲುಗಿತು. ಅವನು ತಡೆದ, ತಡೆದ... ಕೊನೆಗೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಅರ್ಜಿ ತುಂಬುತ್ತಿದ್ದವನು ಅವನನ್ನು ಎಬ್ಬಿಸಲು ಬಗ್ಗಿದ. ಬಗ್ಗಿದವನ ಕಣಕಾಲು ನನ್ನ ಕಣ್ಣಿಗೆ ಬಿತ್ತು. ಮುಟ್ಟಲಿಲ್ಲ, ದೇವರಾಣೆ. ಸುಮ್ಮನೆ ಅದರ ಮೇಲಿಂದ ದಾಟಿ ಗಂಟನ್ನು ಕಿಟಕಿಯೊಳಗೆ ತಳ್ಳಿದೆ.

ಗುಮಾಸ್ತ ಕಣ್ಣೊರೆಸಿಕೊಳ್ಳುತ್ತ ಮೊಹರು ಒತ್ತಿದ. ಹನ್ನೊಂದು ಐವತ್ತೇಳು.

ಮೂರು ತಿಂಗಳಿಗೆ ವಿಚಾರಣೆ ಆಯಿತು. ಪಾಂಢರೆ ಎಲ್ಲಿಂದಲೋ ಟ್ರಕ್ ನಿಲ್ದಾಣದ ಹಳೇ ಠರಾವು ಕೆದಕಿ ತಂದ. ಅಧಿಕಾರಿ ಅದರ ಪಕ್ಕದಲ್ಲಿ ನಮ್ಮ ಬಸಿಯ ಕಲೆ ಬಿದ್ದ ಪುಸ್ತಕ ಇಟ್ಟು, ಎರಡನ್ನೂ ಓದಿ, ಪಾರ್ಕಿಂಗ್ ಕಟ್ಟಡವನ್ನು ಕರಡಿನಿಂದ ಹೊಡೆದುಹಾಕಿದರು. ಅವತ್ತು ಸಂಜೆ ನನ್ನ ಹುಡುಗಿಯರು ಅಂಕಣದ ಮಣ್ಣನ್ನೆಲ್ಲ ನನ್ನ ತಲೆಗೆ ಸುರಿದರು. ನಾನು ಬೈಯಲಿಲ್ಲ.

ಕಾಕಾನ ಕತೆ ನಾನು ಯಾರಿಗೂ ಹೇಳಿಲ್ಲ. ಗಂಟು ಹೇಗೆ ಸಿಕ್ಕಿತು ಅಂತ ಬಾಯಿ ಈಗಲೂ ಕೇಳುತ್ತಾರೆ. ಆದರೆ ಕದ್ದ ತಪ್ಪಿಗೆ ಶಿಕ್ಷೆ ಬೇಡವೇ? ಒಂದು ದಿನ ಕಾಕಾನನ್ನು ಬೆಂಚಿಗೆ ಕರೆದು, ಎಂಜಿನಿಯರ್ ಸಾಹೇಬರ ಬಾಣದ ಪ್ರಕಾರ ಹನ್ನೊಂದು ಸುತ್ತು ಹಾಕಿ ಅಂದೆ.

"ಜೇಲಿಗೆ ಹಾಕವಾ," ಅಂದರು ತಣ್ಣಗೆ. "ಅದೊಂದು ಆಗೂದಿಲ್ಲ."

ಮುಂದಿನ ಸೋಮವಾರ ಬೆಳಿಗ್ಗೆ ಪಾರ್ಕು ತೆಗೆದಾಗ ದಾರಿಯ ಬಾಣಗಳೆಲ್ಲ ಬಲಸುತ್ತಿಗೆ ತಿರುಗಿದ್ದವು. ಹಳದಿಯ ಮೇಲೆ ಹಸಿರು ಬಣ್ಣ. ಅಂಚು ನೋಡಬೇಕು ನೀವು... ಸ್ಕೇಲು ಇಟ್ಟು ಎಳೆದ ಹಾಗೆ, ಒಂದು ಕೂದಲೂ ಆಚೆ ಈಚೆ ಇಲ್ಲ. ಬಣ್ಣದ ಡಬ್ಬಿಯ ಪಕ್ಕದಲ್ಲಿ, ಕೈ ಒರೆಸಿದ ಹಳೇ ಪೇಪರು. ಮೂಲೆಗೆ ಮೂಲೆ, ನಾಲ್ಕು ಮಡಿಕೆ.

ಎಂಜಿನಿಯರ್ ಸಾಹೇಬರು ಕೆಂಡವಾದರು. ಇದನ್ನು ಮಾಡಿದವರು ಯಾರು, ಮೂರು ದಿನದಲ್ಲಿ ವರದಿ ಕೊಡಿ ಅಂತ ನನಗೆ ನೋಟೀಸು. ಆ ಪೇಪರನ್ನು ಜೇಬಿಗೆ ಹಾಕಿಕೊಂಡು ವರದಿ ಬರೆದು ಕಳಿಸಿದೆ.

"ಆರೋಪಿಯ ಸುಳಿವು ಸಿಕ್ಕಿಲ್ಲ. ತನಿಖೆ ಮುಂದುವರಿದಿದೆ."