ಕಾಣೆಯಾದ ದಾರಿಗಾರ

ಅವಳು ಗ್ಯಾರೇಜಿಗೆ ಬಂದಾಗ ಮೇಸ್ತ್ರಿ ಜೀಪಿನಡಿ ಮಲಗಿ, ಹಗ್ಗ ಕಟ್ಟಿ ಎಳೆಯಲು ಮುಂದಿರುವ, ಈಗ ಬಾಗಿಹೋಗಿದ್ದ ಕೊಕ್ಕೆಯನ್ನು ಬಿಚ್ಚುತ್ತಿದ್ದ. ಅವನಿಗೆ ಮೊದಲು ಕಂಡಿದ್ದು ಅವಳ ಪಾದಗಳು. ಒಂದೊಂದಕ್ಕೆ ಒಂದೊಂದು ಬಗೆಯ ಚಪ್ಪಲಿ.

"ನಕ್ಷೆಯಮ್ಮ ಇದ್ದಾರಾ? ನಮ್ಮಣ್ಣ ನಿನ್ನೆ ಬೆಳಗ್ಗೆ ಹೋದವನು ಇನ್ನೂ ಬಂದಿಲ್ಲ. ಎರಡೇ ಬಾಟ್ಲಿ ನೀರು ತಗೊಂಡು ಹೋಗಿದ್ದ!"

ಮೇಸ್ತ್ರಿ ದಡಬಡಿಸಿ ಎದ್ದು, ತಲೆಗೂದಲಿಗೆ ಉದುರಿದ್ದ ಬಿಳಿ ಪುಡಿಯನ್ನು ಕೊಡವಿಕೊಂಡ. ಅವಳ ಅಣ್ಣನನ್ನು ಅರಿಯದವರು ಊರಲ್ಲಿರಲಿಲ್ಲ. ಬೆಳಗ್ಗೆ ಮನೆ ಬಿಟ್ಟು ಸಂಜೆಗೆ ಮರಳುವಷ್ಟು ದೂರದಲ್ಲಿ, ಡಾಂಬರು ಮುಗಿದಮೇಲೆ ಶುರುವಾಗುವ ಬಯಲು ದಾರಿಗಳನ್ನು ಹುಡುಕುವುದೇ ಅವನ ಹುಚ್ಚು. ಬೇಲಿಯಿಲ್ಲದ, ಕಣ್ಣು ತುಂಬುವ ದಾರಿ ಸಿಕ್ಕರೆ ತಿರುವು ತಿರುವನ್ನೂ ಚೀಟಿಯಲ್ಲಿ ಬರೆದು ಜೀಪಿನವರಿಗೆಲ್ಲ ಹಂಚುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ದಾರಿಗಾರ.

ಗ್ಯಾರೇಜಿನ ಮಹಡಿಯಲ್ಲಿದ್ದ ನಕ್ಷೆಯಮ್ಮ ಮೂವತ್ತು ವರ್ಷ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಕಳೆದುಹೋದದ್ದು, ಕದ್ದುಹೋದದ್ದು, ಏನೇ ಇದ್ದರೂ ಜನ ಅವರ ಮೆಟ್ಟಿಲು ಹತ್ತುತ್ತಿದ್ದರು. ಓಡಾಟವೆಲ್ಲ ಮೇಸ್ತ್ರಿಯದು.

ಮಹಡಿ ಹತ್ತಿ ತಂಗಿ ಅವರಿಗೆ ಒಂದು ಚೀಟಿ ಚಾಚಿದಳು. "ಅಣ್ಣನ ಮೇಜಿನ ಮೇಲಿತ್ತು."

ನಕ್ಷೆಯಮ್ಮ ಗಟ್ಟಿಯಾಗಿ ಓದಿದರು. "ಉತ್ತರದ ಒಣಕೆರೆ. ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ. ಮುಂದೆ ಹನ್ನೆರಡು ಕಿಲೋಮೀಟರ್ ಬರೀ ಮರಳು."

"ನಿನ್ನೆ ಸಂಜೆಯಿಂದ ಎಲ್ಲರೂ ಅಲ್ಲೇ ಹುಡುಕ್ತಿದ್ದಾರೆ. ಒಂದು ಚಕ್ರದ ಗುರುತೂ ಇಲ್ಲ," ಎಂದಳು ತಂಗಿ.

"ನಿನ್ನೆ ಮನೆಗೆ ಯಾರ್ಯಾರು ಬಂದಿದ್ರು?"

"ಟೈರ್ ಅಂಗಡಿಯವರು ಜಾಕ್ ವಾಪಸ್ ಕೊಡೋಕೆ ಬಂದು ಗೇಟಿನಿಂದಲೇ ಹೋದ್ರು. ಹೋದ ವಾರ ಅಣ್ಣಂಗೂ ಅವರಿಗೂ ಜೋರು ಜಗಳ ಆಗಿತ್ತು. ಮಧ್ಯಾಹ್ನ ಫೋಟೋಗ್ರಾಫರ್ ಬಂದು, ಕ್ಯಾಮೆರಾ ಬ್ಯಾಟರಿ ಮರೆತಿದೀನಿ ಅಂತ ಅಣ್ಣನ ಕೋಣೆಗೆ ಹೋದ್ರು. ಆಮೇಲೆ ಪಾಪ, ಸಂಜೆಯಿಂದ ಹುಡುಕಾಟದಲ್ಲೇ ಇದ್ದಾರೆ."

ಮೂವರೂ ಅವಳ ಮನೆಗೆ ಹೊರಟರು. ಮುಂಚೆ ನೀರಿನ ಟ್ಯಾಂಕಿದ್ದ ವೃತ್ತದಲ್ಲಿ ಈಗ ಹೊಸ ಅಂಗಡಿ ಸಾಲು. ನಕ್ಷೆಯಮ್ಮ ಅತ್ತ ದಿಟ್ಟಿಸಿದರು. ಮನೆಯ ಶೆಡ್ಡಿನಲ್ಲಿ ಟೈರಿಗೆ ಗಾಳಿ ತುಂಬುವ ಪಂಪು ಗೂಟಕ್ಕೆ ನೇತಾಡುತ್ತಿತ್ತು. ಅದನ್ನೂ ನೋಡಿದರು. ಬಿಸಿಲು ಏರುತ್ತಿತ್ತು. ಆ ಎರಡು ಬಾಟ್ಲಿ ಇಷ್ಟು ಹೊತ್ತಿಗೆ ಬರಿದಾಗಿರುತ್ತವೆ ಎಂದು ಮೇಸ್ತ್ರಿ ಲೆಕ್ಕ ಹಾಕಿದ.

"ಮೇಸ್ತ್ರಿ, ನಿನ್ನ ತಲೆಯಲ್ಲಿ ಇನ್ನೂ ಅಂಟಿರೋ ಆ ಬಿಳಿ ಪುಡಿ ಏನು?"

"ಕಲ್ಲಿನ ಪುಡಿ ಅಮ್ಮ. ಫೋಟೋಗ್ರಾಫರ್ ಜೀಪಿಂದು. ಮರಳಲ್ಲಿ ಹುಡುಕುವಾಗ ಕೊಕ್ಕೆ ಬಾಗಿತಂತೆ, ಬೇಗ ಸರಿಮಾಡು ಅಂತ ಬೆಳಗ್ಗೆ ಬಿಟ್ಟುಹೋದ್ರು."

ನಕ್ಷೆಯಮ್ಮ ನಿಂತುಬಿಟ್ಟರು. "ಪೊಲೀಸರಿಗೂ ಆಂಬುಲೆನ್ಸಿಗೂ ಫೋನ್ ಮಾಡು. ದಕ್ಷಿಣದ ಸುಣ್ಣಕಲ್ಲಿನ ಗುಡ್ಡದ ಕಡೆ ಹೊರಡಲಿ. ನಿನ್ನೆ ಮನೆಗೆ ಬಂದಿದ್ದ ಆ ಇಬ್ಬರನ್ನೂ ಗ್ಯಾರೇಜಿಗೆ ಕರೆಸು. ಆ ಗುಡ್ಡ ಇಪ್ಪತ್ತು ಕಿಲೋಮೀಟರ್ ಉದ್ದ. ಎಲ್ಲಿ ಅನ್ನೋದು ಒಬ್ಬನಿಗೇ ಗೊತ್ತು."

ಅರ್ಧ ಗಂಟೆಯಲ್ಲಿ ಇಬ್ಬರೂ ಬಂದರು. ಟೈರ್ ಅಂಗಡಿಯವನು ಬಂದವನೇ, "ಜಗಳ ಆಡಿದ್ದು ನಿಜ. ಅಂದ್ಮಾತ್ರಕ್ಕೆ..." ಎಂದು ಬೆವರು ಒರೆಸಿಕೊಂಡ. ಫೋಟೋಗ್ರಾಫರ್ ಬಾಗಿಲಿಗೊರಗಿ ನಿಂತ. ಕಣ್ಣು ಕೆಂಪಾಗಿದ್ದವು.

"ಬೇಗ ಹೇಳಿ ಮುಗಿಸ್ತೀನಿ," ಎಂದರು ನಕ್ಷೆಯಮ್ಮ. "ಚೀಟಿಯ ಅಕ್ಷರ ದಾರಿಗಾರನದೇ. ಆದ್ರೆ ಅದರಲ್ಲಿರೋ ಟ್ಯಾಂಕ್ ಕೆಡವಿ ವರ್ಷ ಆಯ್ತು. ಹೊಸ ದಾರಿ ಹುಡುಕೋಕೆ ಹೋದವನು ಹಳೇ ಚೀಟಿ ಇಟ್ಟುಹೋಗಲ್ಲ. ಯಾರೋ ತಂದಿಟ್ಟಿದ್ದಾರೆ. ಇನ್ನು ಮರಳಲ್ಲಿ ಓಡಿಸೋರು ಟೈರಿನ ಗಾಳಿ ಇಳಿಸ್ತಾರೆ, ವಾಪಸ್ ಬರುವಾಗ ತುಂಬ್ತಾರೆ. ಪಂಪು ಶೆಡ್ಡಲ್ಲೇ ಇದೆ. ಅಂದ್ರೆ ಅವನು ಮರಳಿಗೆ ಹೋಗಲೇ ಇಲ್ಲ."

"ಅವನ ಹಳೇ ಚೀಟಿ ನನ್ನ ಹತ್ರಾನೂ ಇವೆ," ಎಂದ ಟೈರ್ ಅಂಗಡಿಯವನು.

"ನೀನು ಗೇಟು ದಾಟಲಿಲ್ಲ. ಕೋಣೆಯೊಳಗೆ ಹೋದವನು ಒಬ್ಬನೇ. ಅವನ ಜೀಪಿನ ಕೊಕ್ಕೆಯಿಂದ ಮೇಸ್ತ್ರಿ ತಲೆ ಮೇಲೆ ಸುಣ್ಣಕಲ್ಲಿನ ಪುಡಿ ಬಿತ್ತು. ಒಣಕೆರೆ ಮರಳು ಕೆಂಪು. ಈ ಸುತ್ತಿನಲ್ಲಿ ಬಿಳಿ ಕಲ್ಲು ಇರೋದು ದಕ್ಷಿಣದ ಗುಡ್ಡದಲ್ಲಿ ಮಾತ್ರ. ಕೊಕ್ಕೆ ಬಾಗಿದೆ ಅಂದ್ರೆ ಏನೋ ಭಾರ ಎಳೆದಿದ್ದಾನೆ." ಅವರು ಫೋಟೋಗ್ರಾಫರನತ್ತ ತಿರುಗಿದರು. "ಎಲ್ಲಿದ್ದಾನೆ ಅವನು?"

ಅವನು ಬಾಗಿಲಿಗೆ ಒರಗಿದ್ದ ಹಾಗೇ ಜಾರಿ ನೆಲಕ್ಕೆ ಕೂತ.

"ಅಂಚಿಗೆ ಬಾ, ಕೆಳಗಿನ ಕಣಿವೆ ಪೂರ್ತಿ ಫೋಟೋಗೆ ಬರುತ್ತೆ ಅಂತ ನಾನೇ ಕರೆದೆ. ಅವನ ಜೀಪಿನಡಿ ಅಂಚು ಕುಸೀತು. ಹಗ್ಗ ಕಟ್ಟಿ ಎಳೆದೆ, ಹಗ್ಗ ಹರೀತು. ಜೀಪು ಕೆಳಗೆ ಹೋಯ್ತು. ಕೂಗಿದೆ, ಕೂಗಿದೆ... ಅವನು ಓಗೊಡಲಿಲ್ಲ. ಸತ್ತ ಅಂದ್ಕೊಂಡೆ. ಎಲ್ಲರೂ ನನ್ನನ್ನೇ ಕೊಲೆಗಾರ ಅಂತಾರೆ ಅಂತ ಹೆದರಿ, ಬೇರೆ ಕಡೆ ಹುಡುಕಲಿ ಅಂತ ಹಳೇ ಚೀಟಿ ಇಟ್ಟೆ."

"ಕೆಳಗಿಳಿದು ನೋಡಿದ್ಯಾ?" ಕೇಳಿದ್ದು ತಂಗಿ.

ಅವನು ತಲೆಯಲ್ಲಾಡಿಸಿದ. ಇಲ್ಲ.

ಮೇಸ್ತ್ರಿ ಅವನ ಅಂಗಿ ಹಿಡಿದೆಬ್ಬಿಸಿ ಜೀಪಿಗೆ ಹತ್ತಿಸಿದ, ತಂಗಿಯೂ ಹತ್ತಿದಳು. ಆ ಒಂದು ಗಂಟೆಯ ದಾರಿಯಲ್ಲಿ ಫೋಟೋಗ್ರಾಫರ್ ಬೆರಳು ತೋರಿಸಿದ ಕಡೆ ಸ್ಟೀರಿಂಗ್ ತಿರುಗಿಸಿದನೇ ಹೊರತು ಅವನ ಮುಖ ನೋಡಲಿಲ್ಲ.

ಗುಡ್ಡದ ತುದಿಯಿಂದ ಕಣಿವೆ ಬಿಚ್ಚಿದ ಸೀರೆಯಂತೆ ಹಾಸಿತ್ತು. ಐವತ್ತು ಅಡಿ ಕೆಳಗೆ ಜೀಪು ಮಗ್ಗುಲಾಗಿ ಬಿದ್ದಿತ್ತು. ಪೊಲೀಸರಿಗಿಂತ ಮೊದಲೇ ಮೇಸ್ತ್ರಿ ಸರಸರನೆ ಇಳಿದ, ಹಿಂದೆಯೇ ತಂಗಿ. ದಾರಿಗಾರನ ಕಾಲು ಬಾಗಿಲಿನಡಿ ಸಿಕ್ಕಿತ್ತು, ತುಟಿ ಒಡೆದು ಕಪ್ಪಾಗಿತ್ತು. ಮೇಸ್ತ್ರಿ ಬಟ್ಟೆ ಒದ್ದೆಮಾಡಿ ತುಟಿಗೆ ಒತ್ತಿದ. ಕಣ್ಣು ಅರೆತೆರೆದವು.

"ಅಣ್ಣಾ!"

ಅವನು ತಂಗಿಯನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ. ಮತ್ತಾರನ್ನೋ ಹುಡುಕುವಂತೆ ಕಣ್ಣಾಡಿಸಿದ.

"ಎಚ್ಚರ ಆದಾಗ... ಅವನ ಜೀಪು ಹೊರಟ ಸದ್ದು ಕೇಳಿಸ್ತು. ಜನ ಕರ್ಕೊಂಡು ಬರೋಕೆ ಹೋಗಿದ್ದಾನೆ," ಎಂದ ಪಿಸುದನಿಯಲ್ಲಿ. "ಇನ್ನೂ ಬಂದಿಲ್ಲ. ಅವನಿಗೆ ಈ ದಾರಿ ಹೊಸದು, ಎಲ್ಲೋ ಸಿಕ್ಕಿಹಾಕ್ಕೊಂಡಿರ್ಬೇಕು. ಮೊದಲು ಅವನನ್ನ ಹುಡುಕಿ."

ತಂಗಿ ತಲೆಯೆತ್ತಿ ನೋಡಿದಳು. ಅಂಚಿನಲ್ಲಿ ಇಬ್ಬರು ಪೊಲೀಸರ ನಡುವೆ ನಿಂತಿದ್ದವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಸಿಕ್ಕಿದ್ದಾನೆ ಅಣ್ಣಾ," ಎಂದಳು ಅವಳು. "ನೀನು ನೀರು ಕುಡಿ."