ನಾನೂರು ಪ್ರೇಮಪತ್ರ, ಒಂದೇ ವಿಳಾಸ

"ನಿರುಪಮಾ, ಈ ಸೆಟ್ಟಿಂಗ್ಸ್ ಫೈಲಲ್ಲಿ ನನ್ನ ಪರ್ಸನಲ್ ಈಮೇಲ್ ಯಾಕಿದೆ?!"

ಸುಧನ್ವ ಹಾಗೆ ಕೇಳಿದಾಗ ಅವಳು ಗಾಬರಿಯಿಂದ ಅವನ ಪರದೆಯತ್ತ ಬಗ್ಗಿದಳು.

ಎರಡು ಸಾವಿರದ ಇಸವಿ, ಫೆಬ್ರವರಿ ಹದಿನಾಲ್ಕು. ಈಮೇಲಿನಲ್ಲಿ ಗ್ರೀಟಿಂಗ್ ಕಾರ್ಡ್ ಕಳಿಸಿಕೊಡುವ ಸ್ಯಾನ್ ಫ್ರಾನ್ಸಿಸ್ಕೋದ ಆ ಪುಟ್ಟ ಕಂಪನಿಗೆ ವರ್ಷದ ದೊಡ್ಡ ದಿನ. ಸರ್ವರಿನ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಬರೆಯುವವರು ಇವರಿಬ್ಬರೇ. ಸೆಟ್ಟಿಂಗ್ಸ್ ಫೈಲು ಎರಡು, ಒಳಗಿನ ಟೆಸ್ಟಿಗೊಂದು, ಗ್ರಾಹಕರು ಬಳಸುವ ಲೈವ್ ಸರ್ವರಿಗೊಂದು. ಎರಡಕ್ಕೂ ಒಂದೇ ಹೆಸರು! ಪರೀಕ್ಷೆಯ ಕಾರ್ಡು ಹೊರಗಿನವರಿಗೆ ಹೋಗದಿರಲೆಂದು, ಟೆಸ್ಟ್ ಫೈಲಿನಲ್ಲಿ ಯಾರ ವಿಳಾಸವಿದೆಯೋ ಎಲ್ಲ ಕಾರ್ಡೂ ಅವರಿಗೇ ಹೋಗುತ್ತದೆ.

ಬೆಳಿಗ್ಗೆ ಅವಸರದಲ್ಲಿ ನಿರುಪಮಾ ಟೆಸ್ಟ್ ಫೈಲನ್ನೇ ಲೈವ್ ಸರ್ವರಿಗೆ ಕಾಪಿ ಮಾಡಿಬಿಟ್ಟಿದ್ದಳು. ಯಾರ್ಯಾರೋ ಯಾರ್ಯಾರಿಗೋ ಬರೆದ ನಾನೂರು ಪ್ರೇಮಪತ್ರ ಸುಧನ್ವನಿಗೆ ಬಂದು ಬಿದ್ದಿದ್ದವು.

ಅಷ್ಟರಲ್ಲಿ ಮ್ಯಾನೇಜರ್ ಧುಮುಗುಟ್ಟುತ್ತಾ ಬಂದ. ಯಾರ ಕೆಲಸ ಇದು?

ಸುಧನ್ವ ಅವಳ ಬಿಳಚಿದ ಮುಖ ನೋಡಿದ. "ನಂದೇ" ಎಂದುಬಿಟ್ಟ.

ನಾಳೆಯಿಂದ ಬರಬೇಡ ಎಂದ ಮ್ಯಾನೇಜರ್. ಕೆಲಸ ಹೋದರೆ ವೀಸಾವೂ ಹೋದಂತೆ, ಭಾರತಕ್ಕೆ ವಾಪಸ್.

ಅಲ್ಲಾ, ಒಂದು ಮಾತು ಆಡಲು ಏನಾಗಿತ್ತು ಈ ಹುಡುಗಿಗೆ! ಬಾಯಿ ಬಿಡಲೇ ಇಲ್ಲ. ತನ್ನ ಮನೆಯಿದ್ದ ವಾಲ್ನಟ್ ಕ್ರೀಕ್‌ಗೆ ಹೋಗುವ ರೈಲಿನಲ್ಲಿ ದಾರಿಯುದ್ದಕ್ಕೂ ಅತ್ತಳು.

'ತಪ್ಪು ಒಪ್ಪಿಕೊಂಡರೆ ಅವರ ಈಮೇಲ್ ಯಾಕಿತ್ತು ಅಂತಲೂ ಹೇಳಬೇಕಲ್ಲ... ಆ ನಾಚಿಕೆಗೆ ಅವರ ಬದುಕು ಬಲಿ ಕೊಟ್ಟೆನಾ? ಛೀ, ನಾನೆಂಥವಳು!'

ಮರುದಿನ ಬೆಳಿಗ್ಗೆ ಮ್ಯಾನೇಜರ್‌ಗೆ ಎಲ್ಲ ಹೇಳಿ, ನೇರ ಸುಧನ್ವನ ಅಪಾರ್ಟ್‌ಮೆಂಟಿಗೆ ಹೋದಳು. ಅವನು ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಕಾರ್ಡನ್ನು, ಅದರಲ್ಲಿದ್ದ ವಿಳಾಸ ನೋಡಿ, ಸರಿಯಾದವರಿಗೆ ಕಳಿಸುತ್ತಿದ್ದ.

"ಕೆಲಸ ಹೋದ್ಮೇಲೂ ಇದೇನು ಮಾಡ್ತಿದೀರಾ?"

"ಪಾಪ, ಕಾಯ್ತಿರ್ತಾರೆ ಕಣ್ರೀ."

ಅವಳ ಕಣ್ಣು ತುಂಬಿ ಬಂತು.

"ಸುಧನ್ವ, ತಪ್ಪು ನಂದು ಅಂತ ಹೇಳಿ ಬಂದೆ. ನಿಮ್ಮನ್ನ ವಾಪಸ್ ಕರೀತಾರೆ. ನನ್ನ ಕೆಲಸದ ವಿಷಯ ಆಮೇಲೆ ನೋಡೋಣ ಅಂದ್ರು. ನಿನ್ನೆ ಸುಮ್ನೆ ನಿಂತ್ಕೊಂಡೆ... ನನ್ನನ್ನ ಕ್ಷಮಿಸ್ಬೇಡಿ."

"ಅದಿರ್ಲಿ. ನನ್ನ ಈಮೇಲ್ ಯಾಕೆ ಹಾಕಿದ್ರಿ? ಅದಕ್ಕಿನ್ನೂ ಉತ್ತರ ಕೊಟ್ಟಿಲ್ಲ."

ನಿರುಪಮಾ ತಲೆ ತಗ್ಗಿಸಿದಳು.

"ಮೊನ್ನೆ ಸಂಜೆ ನಿಮಗೊಂದು ಕಾರ್ಡ್ ಬರೆದಿದ್ದೆ. ಟೆಸ್ಟ್ ಫೈಲಲ್ಲಿದ್ದ ನನ್ನ ವಿಳಾಸ ತೆಗೆದು ನಿಮ್ಮದು ಹಾಕ್ದೆ. ಕಳಿಸೋಕೆ ಧೈರ್ಯ ಬರ್ಲಿಲ್ಲ... ವಿಳಾಸ ಅಳಿಸೋದೂ ಮರೆತೆ."

ಸುಧನ್ವ ಕಂಪ್ಯೂಟರ್ ಬಿಟ್ಟು ಅವಳತ್ತ ತಿರುಗಿದ.

"ನಾನೂರನ್ನೂ ಎರಡೆರಡು ಸಲ ಹುಡುಕಿದೆ ನಿರುಪಮಾ. ನಿಮ್ಮದೊಂದು ಇರಬಹುದೇನೋ ಅಂತ."

"ಅಂದ್ರೆ... ನಿಮಗೆ...?"

ಅವನು ಎದ್ದು ತನ್ನ ಕುರ್ಚಿಯನ್ನು ಅವಳತ್ತ ಸರಿಸಿದ.

"ಕೂತ್ಕೊಳ್ಳಿ. ಈಗ ಕಳಿಸಿ."