ನಡುಹೊಳೆಯಲ್ಲಿ ಬಿದ್ದ ಚಾವಿ

2025ರ ಆಗಸ್ಟ್ 11, ಸೋಮವಾರ ಬೆಳಿಗ್ಗೆ 10.20ಕ್ಕೆ ದೇವದುರ್ಗ ತಾಲ್ಲೂಕಿನ ಹೊಳೆದಂಡೆಯ ಠಾಣೆಗೆ ಶಂಭುಲಿಂಗಪ್ಪ ದೂರು ತಂದ. ಹಿಂದಿನ ದಿನ ಕೃಷ್ಣೆಯ ನಡುಗಡ್ಡೆಯ ಹೊಲದಲ್ಲಿ ಅವನ ತಾಯಿ ಚನ್ನಮಲ್ಲಮ್ಮನಿಗೆ ಹಾವು ಕಚ್ಚಿತ್ತು. ಹೆಂಡತಿ ಶೈಲಜಾ ಅತ್ತೆಯನ್ನು ಬೂದೆಪ್ಪನ ಬೋಟಿನಲ್ಲಿ ಮಲಗಿಸಿಕೊಂಡು ಹೊರಟಿದ್ದಳು. ಈಚೆ ದಡದಲ್ಲಿ ಶಂಭುಲಿಂಗಪ್ಪ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದ. ಹತ್ತೇ ನಿಮಿಷದ ದಾರಿ. ನಡುವೆ ಬೋಟು ನಿಂತು ಸೆಳವಿಗೆ ಸಿಕ್ಕಿತು. ತೆಪ್ಪದವರು ಹೋಗಿ ಎಳೆದು ತರಲು ಐವತ್ತು ನಿಮಿಷ ಹಿಡಿಯಿತು; ಅಷ್ಟರಲ್ಲಿ ಮುದುಕಿ ತೀರಿಕೊಂಡಿದ್ದಳು.

"ಅವ ಬೇಕಂತನ ನಿಂದ್ರಿಸ್ಯಾನ್ರೀ ಸಾಹೇಬ್ರ. ನಮ್ಮವ್ವನ್ನ ಕೊಂದಾನ."

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಹಂಪಯ್ಯ ಮೊದಲು ಬೂದೆಪ್ಪನನ್ನು ಕರೆಸಿದರು.

"ಬೋಟ್ ಯಾಕ ನಿಂತು?"

"ಚಾವಿ ನೀರಾಗ ಬಿತ್ರಿ."

"ಇಂಜಿನ್ನಿನಾಗ ಇದ್ದ ಚಾವಿ ತಾನ ಹಾರಿತೇನು?"

"ಬಿತ್ರಿ," ಎಂದ ಬೂದೆಪ್ಪ ಮತ್ತೆ. ಆಮೇಲೆ ಬಂದ ಶೈಲಜಾ ಹೇಳಿದ್ದೂ ಅಷ್ಟೇ: "ಬಿತ್ರಿ." ಹೇಳುವಾಗ ಅವಳ ಕಣ್ಣು ಬಾಗಿಲಾಚೆ ನಿಂತ ಗಂಡನ ಮೇಲಿತ್ತು. ಇಬ್ಬರೂ ಏನನ್ನೋ ನುಂಗಿಕೊಂಡಿದ್ದಾರೆ ಎಂದು ಹಂಪಯ್ಯನವರಿಗೆ ಅನ್ನಿಸಿತು.

ಆಗಸ್ಟ್ 12, ಮಧ್ಯಾಹ್ನ 3 ಗಂಟೆಗೆ ಸ್ಥಳ ಪಂಚನಾಮೆ. ಬೋಟಿಗೆ ಹೊಸ ಚಾವಿ ಮಾಡಿಸಿದ್ದರು. ಅದೇ ದಾರಿ, ಅದೇ ಅಂಬಿಗ ಎಂದು ಆಜ್ಞೆ ಕೊಟ್ಟವರು ಹಂಪಯ್ಯನವರೇ. ಕಳ್ಳಕಾಕರಿಗೆ ಅಂಜದ ಅವರು ನೀರಿಗೆ ಅಂಜುತ್ತಿದ್ದರು. ಮಾನ್ವಿ ಕಡೆಯ ಕುರ್ಡಿಯವರು, ಕಾಲುವೆಗಿಂತ ಆಳದ ನೀರಿಗೆ ಇಳಿದವರಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ; ಆದರೆ ಹಂಪಯ್ಯ ಇನ್ನೂ ದಾಟಿರಲಿಲ್ಲ. ಹಲಗೆಯನ್ನು ಬಿಗಿಯಾಗಿ ಹಿಡಿದು ಕೂತರು. ಜೊತೆಗೆ ಕಾನ್‌ಸ್ಟೆಬಲ್‌ಗಳಾದ ಕೊಟ್ರೇಶ, ನಾಗವೇಣಿ, ಇಬ್ಬರು ಪಂಚರು, ಶೈಲಜಾ.

ನಡುಹೊಳೆ ಬಂತು. "ಎಲ್ಲಿ ನಿಂತಿತ್ತು?" ಎಂದು ಕೇಳಿದರೆ ಬೂದೆಪ್ಪನಿಂದ ಉತ್ತರವಿಲ್ಲ. ಅವನ ಬಾಯಿ ಸುಮ್ಮನೆ ಏನನ್ನೋ ಅಗಿಯುತ್ತಿತ್ತು, ಕಣ್ಣು ನಟ್ಟಿತ್ತು.

"ಬೂದೆಪ್ಪಾ, ಮುಂದ ಕಲ್ಲು ಅದಲೇ!" ಕೊಟ್ರೇಶ ಕೂಗಿದ.

ಬೂದೆಪ್ಪ ಸೆಟೆದು ದೊಪ್ಪನೆ ಬಿದ್ದ. ಕೈಕಾಲು ಬಡಿಯತೊಡಗಿದವು. ಬೋಟು ಅಡ್ಡ ತಿರುಗಿ ನೀರು ಒಳಗೆ ಹಾರಿತು. ಹಂಪಯ್ಯ ಎರಡೂ ಕೈಯಿಂದ ಹಲಗೆಯನ್ನು ತಬ್ಬಿದರು.

"ಮೂರ್ಛಿ ಬಂತು! ಕೈಯಾಗ ಕಬ್ಬಣ ಕೊಡ್ರಿ!" ಎಂದ ಒಬ್ಬ ಪಂಚ.

ಅವನ ಮಾತು ಮುಗಿಯುವ ಮೊದಲೇ ಶೈಲಜಾ ಇಂಜಿನ್ನಿನ ಚಾವಿಗೆ ಕೈ ಹಾಕಿದ್ದಳು. ನಾಗವೇಣಿ ಆ ಮಣಿಕಟ್ಟು ಹಿಡಿದಳು. "ಬಿಡ್ರಿ! ಅದನ್ನ ತೆಗದ್ರ ಎಲ್ಲಾರೂ ಹೋಗ್ತೀವಿ!"

ಕೊಟ್ರೇಶ ಚುಕ್ಕಾಣಿ ಹಿಡಿದು ಬೋಟನ್ನು ಕಲ್ಲಿನಿಂದ ತಪ್ಪಿಸಿದ. ನೆರೆ ರಕ್ಷಣೆಯ ತರಬೇತಿ ಪಡೆದಿದ್ದ ನಾಗವೇಣಿ ಬೂದೆಪ್ಪನನ್ನು ಮಗ್ಗುಲಿಗೆ ಹೊರಳಿಸಿ ತಲೆಯಡಿ ಟವೆಲ್ ಇಟ್ಟಳು. ಯಾರಿಗೂ ಅವನನ್ನು ಅದುಮಿ ಹಿಡಿಯಗೊಡಲಿಲ್ಲ, ಬಾಯಿಗೆ ನೀರು ಹಾಕಗೊಡಲಿಲ್ಲ. ಎರಡು ನಿಮಿಷಕ್ಕೆ ಅದುರುವುದು ನಿಂತಿತು. ಹಂಪಯ್ಯನವರಿಗೆ ಅದು ಎರಡು ತಾಸಾಗಿತ್ತು.

ಶೈಲಜಾ ಹಲಗೆಯ ಮೇಲೆ ಕೂತಳು. "ಮೊನ್ನಿನೂ ಹಿಂಗ ಆತ್ರಿ. ಬ್ಯಾರೆ ಕಬ್ಬಣ ಸಿಗಲಿಲ್ಲ. ಚಾವಿ ತೆಗದು ಕೈಯಾಗ ಇಟ್ಟೆ, ಅವ ಕೈ ಜಾಡಿಸಿದ. ಅತ್ತಿ ನನ್ನ ಮಾರಿನ ನೋಡಾಕತ್ತಿದ್ಲು. ನಮ್ಮನಿಯವರಿಗೆ ಹೇಳಬ್ಯಾಡ್ರಿ."

ದಡ ಮುಟ್ಟಿದ ಮೇಲೆ ವೈದ್ಯರು ಬೂದೆಪ್ಪನನ್ನು ಪರೀಕ್ಷಿಸಿ, ಮೂರ್ಛೆರೋಗ ಹಳೆಯದು ಎಂದರು. ಸಂಜೆ 5.30ಕ್ಕೆ ಅವನನ್ನು ಬಂಧಿಸಲಾಯಿತು. ಶಂಭುಲಿಂಗಪ್ಪ ಅಡ್ಡ ಬಂದ.

"ಚಾವಿ ಹೆಂಗ ಬಿತ್ತಲೇ?"

"ನನ್ನ ಕೈಯಿಂದನ ಬಿತ್ರೀ ಯಪ್ಪಾ," ಎಂದ ಬೂದೆಪ್ಪ. ಶೈಲಜಾಳತ್ತ ತಿರುಗಿಯೂ ನೋಡಲಿಲ್ಲ.

ಅವಳೇ ಗಂಡನ ಮುಂದೆ ಬಂದಳು. "ಕೈಯಾಗ ಇಟ್ಟಾಕಿ ನಾನ್ರಿ."

ಶಂಭುಲಿಂಗಪ್ಪ ಜೀಪಿನ ನೆರಳಲ್ಲಿ ಕೂತು ಮುಖ ಮುಚ್ಚಿಕೊಂಡ.

ಠಾಣೆಯಲ್ಲಿ ಹಂಪಯ್ಯ ಕೊನೆಯ ಪ್ರಶ್ನೆ ಕೇಳಿದರು. "ಬ್ಯಾನಿ ಅದ ಅಂತ ಗೊತ್ತಿದ್ದೂ ಬೋಟ್ ಯಾಕ ನಡೆಸಿದಿ?"

"ನಮ್ಮೂರು ಯಾಪಲದಿನ್ನಿಯಾಗ ಎಲ್ಲಾರಿಗೂ ಗೊತ್ತಿತ್ರಿ. ಎತ್ತಿನ ಹಗ್ಗ ಸುದ್ದಾ ನನ್ನ ಕೈಗೆ ಕೊಡ್ತಿರಲಿಲ್ಲ. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೂಸು, ಬಾಣಂತಿ, ಎಲ್ಲಾರನೂ ನನ್ನ ಕೈಯಾಗ ಕೊಟ್ರು."

ಹಂಪಯ್ಯ ಅದನ್ನು ಅಂದಂತೆಯೇ ಬರೆಸಿದರು. ಸಹಿಗೆಂದು ಪೆನ್ನು ಚಾಚಿದಾಗ ಅದನ್ನು ಆ ಕೈಯಲ್ಲಿಡಲು ಅವರಿಗೂ ಒಂದು ಗಳಿಗೆ ಹೆದರಿಕೆಯಾಯಿತು.